ಹತ್ತನೆಯ ಮಗು

(ಶಾಲೆಗಳ ಪ್ರವೇಶಕಾಲಕ್ಕೆ ಮುನ್ನ ಜತ್ತ ತಾಲೂಕಿನ ಹಳ್ಳಿಯೊಂದರಲ್ಲಿ ಕೂಡಿದ ಪಾಲಕರ ಸಭೆಯಲ್ಲಿ ಗ್ರಾಮಶಾಲೆಯ ಮುಖ್ಯಾಧ್ಯಾಪಕರೊಬ್ಬರು ಮಾಡಿದ ಭಾಷಣ)



ನಾನು ವಾಗ್ಮಿಯಲ್ಲ, ರಾಜಕಾರಣಿಯೂ ಅಲ್ಲ. ಶಿಕ್ಷಕ ತರಬೇತಿಯ ಪ್ರಮಾಣಪತ್ರವೊಂದನ್ನು ಕೈಯಲ್ಲಿ ಹಿಡಿದು ಹಳ್ಳಿಯ ಶಾಲೆಯನ್ನು ಸೇರಿ, ಅಲ್ಲಿಯೇ ತಲೆ ನರೆತವನು. ಏಕೀಕರಣ ಸಮಿತಿಯ ವೇದಿಕೆಯಲ್ಲಿ ಗಡಿಯ ಪ್ರಶ್ನೆಯನ್ನು ಕುರಿತು ಮಾತನಾಡಬಲ್ಲವರು ಅನೇಕರಿದ್ದಾರೆ. ನಾನು ಮಾತನಾಡಬೇಕೆಂದಿರುವುದು ಅದಕ್ಕಿಂತ ಚಿಕ್ಕದಾದ, ಆದರೆ ಅದಕ್ಕಿಂತ ಅವಸರದ ಒಂದು ಸಂಗತಿಯನ್ನು ಕುರಿತು. ಬರುವ ಜೂನ್ ತಿಂಗಳಲ್ಲಿ ಒಂದನೆಯ ಇಯತ್ತೆಗೆ ಸೇರುವ ನಿಮ್ಮ ಮಗು ಯಾವ ಭಾಷೆಯಲ್ಲಿ ಅಕ್ಷರ ಕಲಿಯಬೇಕು? ಇದೇ ಇಂದಿನ ಪ್ರಶ್ನೆ.

೧೯೫೬ನೆಯ ನವೆಂಬರ್ ೧ರಂದು ಭಾಷಾವಾರು ಪ್ರಾಂತಗಳಾದಾಗ ನಮ್ಮ ಜತ್ತ, ಅಕ್ಕಲಕೋಟ, ಸೋಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದವು; ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ೧೯೬೬ರಲ್ಲಿ ಮಹಾಜನ ಆಯೋಗ ನೇಮಕವಾಯಿತು, ೧೯೬೭ರಲ್ಲಿ ಅದರ ವರದಿ ಬಂದಿತು. ೨೦೦೪ರಲ್ಲಿ ಮಹಾರಾಷ್ಟ್ರ ಸರಕಾರ ಸುಪ್ರೀಂ ಕೋರ್ಟಿನ ಮೆಟ್ಟಲು ಹತ್ತಿತು. ೧೯೫೬ರಲ್ಲಿ ಆರು ವರ್ಷದವನಾಗಿ ಶಾಲೆಯ ಹೊಸ್ತಿಲಲ್ಲಿ ನಿಂತಿದ್ದ ಹುಡುಗ ಇಂದು ಎಪ್ಪತ್ತು ದಾಟಿದ ಅಜ್ಜನಾಗಿದ್ದಾನೆ. ಅವನ ಮಕ್ಕಳು ಕಲಿತು ಮುಗಿಸಿದರು, ಮೊಮ್ಮಕ್ಕಳು ಕಲಿಯುತ್ತಿದ್ದಾರೆ. ಗಡಿಯ ತೀರ್ಮಾನ ಕಾಯಬಲ್ಲುದು, ಆರನೆಯ ವಯಸ್ಸು ಕಾಯಲಾರದು. ಆದುದರಿಂದ ಗಡಿರೇಖೆ ಎಲ್ಲಿಯೇ ಇರಲಿ, ರೇಖೆಯ ಈಚೆಗಿರುವ ಮಗುವಿಗೆ ಅದರ ತಾಯ್ನುಡಿಯಲ್ಲಿ ವಿದ್ಯೆ ದೊರೆಯಬೇಕು. ಈ ಕೆಲಸಕ್ಕೆ ನಾವು ಯಾವ ಆಯೋಗದ ವರದಿಯನ್ನೂ ಎದುರುನೋಡಬೇಕಾಗಿಲ್ಲ.

ಮಗು ಶಾಲೆಗೆ ತರುವ ಬಂಡವಾಳ

ಆರು ವರ್ಷದ ಮಗು ಬರಿಗೈಯಲ್ಲಿ ಶಾಲೆಗೆ ಬರುವುದಿಲ್ಲ. ತಾಯಿಯ ಮಡಿಲಿನಲ್ಲಿ, ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ಕೂಡಿಸಿಟ್ಟ ಸಾವಿರಾರು ಮಾತುಗಳನ್ನು ಹೊತ್ತು ಬರುತ್ತದೆ. ಅಕ್ಷರ ಕಲಿಯುವುದೆಂದರೆ ಈಗಾಗಲೇ ಬಲ್ಲ ಮಾತನ್ನು ಗೆರೆಗಳಲ್ಲಿ ಗುರುತಿಸುವುದು. 'ಬ', 'ಸ', 'ವ' ಎಂದು ಬಿಡಿಬಿಡಿಯಾಗಿ ಓದಿದ ಮಗು ಮೂರನ್ನೂ ಕೂಡಿಸಿ ಒಮ್ಮೆಲೆ 'ಬಸವ' ಎಂದಾಗ ಅದರ ಮುಖ ಅರಳುತ್ತದೆ. ಏಕೆ? ಬಸವ ಅದರ ಮನೆಯ ಕೊಟ್ಟಿಗೆಯಲ್ಲಿದ್ದಾನೆ. ಗೊತ್ತಿಲ್ಲದ ಮಾತನ್ನು ಕೂಡಿಸಿ ಓದಿದ ಮಗು ಉಚ್ಚಾರ ಮಾಡುತ್ತದೆ, ಓದುವುದಿಲ್ಲ. ಉಚ್ಚಾರವನ್ನೇ ಓದು ಎಂದು ತಿಳಿದು ಸಂತೋಷಪಟ್ಟ ತಂದೆಗೆ ನಾಲ್ಕನೆಯ ಇಯತ್ತೆಯಲ್ಲಿ ಸತ್ಯ ಗೊತ್ತಾಗುತ್ತದೆ.

ನಮ್ಮ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಕನ್ನಡವನ್ನು ಬಿಟ್ಟು ಬೇರೆ ಮಾತು ಕೇಳದ ಮಗುವನ್ನು ಮರಾಠಿ ವರ್ಗದಲ್ಲಿ ಕೂಡಿಸಿದಿರೆನ್ನೋಣ. ಗುರುಗಳು 'ಹತ್ತಿ' ಎನ್ನುತ್ತಾರೆ. ಕರಿಯ ನೆಲದಲ್ಲಿ ಹುಟ್ಟಿದ ಮಗುವಿನ ಕಣ್ಣ ಮುಂದೆ ಬಿಳಿಯ ಹತ್ತಿಯ ಕಾಯಿ ಒಡೆಯುತ್ತದೆ. ಪುಸ್ತಕದಲ್ಲಿ ನೋಡಿದರೆ ಆನೆ ನಿಂತಿದೆ! 'ನಾಕ' ಎಂದರೆ ಮಗು ನಾಲ್ಕು ಬೆರಳು ಎತ್ತುತ್ತದೆ. ಗುರುಗಳು ಕೇಳಿದ್ದು ಮೂಗನ್ನು. 'ಕೇಳ' ಎಂದರೆ ಕಿವಿಗೊಡುತ್ತದೆ. ಗುರುಗಳು ಹೇಳಿದ್ದು ಬಾಳೆಯ ಹಣ್ಣನ್ನು. 'ಆತ ಯೇ' ಎಂದು ಒಳಗೆ ಕರೆದರೆ, 'ಆತ' ಎಂದ ಮೇಲೆ ಎಲ್ಲವೂ ಮುಗಿಯಿತಲ್ಲ ಎಂದು ಬಾಗಿಲಲ್ಲಿಯೇ ನಿಲ್ಲುತ್ತದೆ. ನೀವು ನಗುತ್ತೀರಿ. ವರ್ಗದ ಮಕ್ಕಳೂ ನಗುತ್ತಾರೆ. ಆದರೆ ನಗೆಗೆ ಈಡಾದ ಮಗು ನಾಳೆಯಿಂದ ಬಾಯಿ ತೆರೆಯುವುದಿಲ್ಲ. ಇದರಲ್ಲಿ ಮರಾಠಿಯ ದೋಷವೇನೂ ಇಲ್ಲ, ಗುರುಗಳ ದೋಷವೂ ಇಲ್ಲ, ಮಗುವಿನ ಬುದ್ಧಿಯ ದೋಷವಂತೂ ಅಲ್ಲವೇ ಅಲ್ಲ. ಮಾಡಿದ ಏರ್ಪಾಡೇ ದೋಷ.

ಲೆಕ್ಕದ ಪಾಠಕ್ಕೆ ಭಾಷೆ ಯಾವುದಾದರೇನು ಎಂದು ಅನೇಕರು ಕೇಳುತ್ತಾರೆ. ಅದೂ ಹಾಗಲ್ಲ. ಕನ್ನಡದಲ್ಲಿ 'ಇಪ್ಪತ್ತೊಂದು' ಎಂದರೆ ಮೊದಲು ಇಪ್ಪತ್ತು, ಆಮೇಲೆ ಒಂದು. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ 'ಏಕವೀಸ', ಅಂದರೆ ಮೊದಲು ಒಂದು, ಆಮೇಲೆ ಇಪ್ಪತ್ತು. ಇಪ್ಪತ್ತೊಂಬತ್ತು ಎಂಬುದಕ್ಕೆ 'ಏಕೋಣತೀಸ' ಎನ್ನಬೇಕು, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಅದನ್ನು ಹುಟ್ಟಿನಿಂದ ಕೇಳಿದ ಮರಾಠಿ ಮಗು ಹೇಗೋ ನಿಭಾಯಿಸುತ್ತದೆ. ಅವರಿಗೂ ಅದು ಸುಲಭವೇನಲ್ಲ. ೨೦೧೯ರಲ್ಲಿ ಬಾಲಭಾರತಿಯು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಏಕ' ಎಂಬ ರೀತಿಯನ್ನು ಸೇರಿಸಿದಾಗ ಮಹಾರಾಷ್ಟ್ರದಲ್ಲೆಲ್ಲ ದೊಡ್ಡ ಚರ್ಚೆಯೇ ಎದ್ದಿತು. ಅದು ಕನ್ನಡವು ಮೊದಲಿನಿಂದಲೂ ಎಣಿಸುತ್ತ ಬಂದ ರೀತಿ. ಹತ್ತು, ಬಿಡಿ ಎಂಬ ಸ್ಥಾನಬೆಲೆಯ ತತ್ತ್ವವನ್ನು ತಾಯಿಯೇ ಎಣಿಕೆಯ ಮಾತಿನಲ್ಲಿ ಕಲಿಸಿ ಕಳಿಸಿದ್ದಾಳೆ. ಆ ಗಂಟನ್ನು ಶಾಲೆಯ ಬಾಗಿಲ ಹೊರಗೆ ಇಡಿಸಿ ಮಗುವನ್ನು ಒಳಗೆ ಕರೆಯುವುದು ಯಾವ ಜಾಣತನ?

ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ೧೯೫೩ರಲ್ಲಿಯೇ ತಜ್ಞರ ವರದಿಯನ್ನು ಪ್ರಕಟಿಸಿ, ಮಗುವಿನ ಕಲಿಕೆಗೆ ತಾಯ್ನುಡಿಯೇ ಅತ್ಯುತ್ತಮ ಮಾಧ್ಯಮವೆಂದು ಸಾರಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದೆಡೆಯಲ್ಲೆಲ್ಲ ಕನಿಷ್ಠ ಐದನೆಯ ಇಯತ್ತೆಯವರೆಗೆ ಮನೆಮಾತು ಅಥವಾ ತಾಯ್ನುಡಿಯೇ ಮಾಧ್ಯಮವಾಗಿರಬೇಕೆಂದು ಹೇಳಿದೆ. ದೊಡ್ಡವರು ಹೇಳಿದರೆಂದು ನಾನು ಇದನ್ನು ನಂಬಿದವನಲ್ಲ. ಹಳ್ಳಿಯ ಶಾಲೆಯಲ್ಲಿ ಕಣ್ಣಾರೆ ಕಂಡುದನ್ನೇ ಅವರೂ ಹೇಳಿದ್ದಾರೆ.

ಪಾಲಕರ ಸಂದೇಹಗಳು

ಪಾಲಕರು ನನ್ನನ್ನು ಕೇಳುವ ಮೊದಲನೆಯ ಪ್ರಶ್ನೆ ಇದು: "ಮಾಸ್ತರೇ, ನಾವಿರುವುದು ಮಹಾರಾಷ್ಟ್ರದಲ್ಲಿ. ತಹಶೀಲದಾರ ಕಚೇರಿಯ ಕಾಗದ ಮರಾಠಿ, ಬಸ್ಸಿನ ಹಲಗೆ ಮರಾಠಿ, ನೌಕರಿಯ ಪರೀಕ್ಷೆ ಮರಾಠಿ. ಕನ್ನಡ ಕಲಿತು ಮಗ ಏನು ಉಣ್ಣಬೇಕು?"

ಈ ಪ್ರಶ್ನೆಯನ್ನು ತಳ್ಳಿಹಾಕುವವನು ಹಳ್ಳಿಯ ಬದುಕನ್ನು ಅರಿಯದವನು. ಹೌದು, ನಮ್ಮ ಮಕ್ಕಳು ಮರಾಠಿ ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಮರಾಠಿ ನಮಗೆ ಪರಕೀಯವಲ್ಲ. ಮರಾಠಿಗರು ತುಪ್ಪಕ್ಕೆ 'ತೂಪ' ಎನ್ನುತ್ತಾರೆ, ಅಡಕೆ ಕತ್ತರಿಸುವ ಅಡಕೊತ್ತಿಗೆ 'ಅಡಕಿತ್ತಾ' ಎನ್ನುತ್ತಾರೆ. ಅಣ್ಣ ಅವರಲ್ಲಿಯೂ ಅಣ್ಣಾ, ಅಕ್ಕ ಅವರಲ್ಲಿಯೂ ಅಕ್ಕಾ. ಆದರೆ ಕಲಿಯಬೇಕಾದ ಭಾಷೆ ಬೇರೆ, ಕಲಿಯುವುದಕ್ಕೆ ಸಾಧನವಾದ ಭಾಷೆ ಬೇರೆ. ಮರಾಠಿಯನ್ನು ಒಂದು ವಿಷಯವಾಗಿ ಕಲಿಯಲಿ. ಗಣಿತ, ಭೂಗೋಲ, ವಿಜ್ಞಾನಗಳನ್ನು ಅರ್ಥವಾಗುವ ಮಾತಿನಲ್ಲಿ ತಿಳಿಯಲಿ. ಓದುವ ವಿದ್ಯೆಯನ್ನು ಮನುಷ್ಯ ಒಮ್ಮೆಯೇ ಕಲಿಯುತ್ತಾನೆ. ಎರಡನೆಯ ಲಿಪಿಗೆ ಅದು ತಾನಾಗಿ ಹರಿದುಹೋಗುತ್ತದೆ. ಕನ್ನಡದ ವರ್ಣಮಾಲೆಗೂ ದೇವನಾಗರಿಗೂ ಕ್ರಮ ಒಂದೇ: ಕ ಖ ಗ ಘ. ಕಾಗುಣಿತದ ಮರ್ಮ ಒಂದೇ. ಕನ್ನಡವನ್ನು ತಡೆಯಿಲ್ಲದೆ ಓದಬಲ್ಲ ಮಗುವಿಗೆ ಮರಾಠಿಯ ಅಕ್ಷರಗಳು ಕೆಲವೇ ತಿಂಗಳುಗಳ ಕೆಲಸ. ಯಾವುದನ್ನೂ ಓದಲು ಬಾರದ ಮಗುವಿಗೆ ಎರಡೂ ಗೋಡೆಗಳೇ.

ಎರಡನೆಯ ಸಂದೇಹ: "ಕನ್ನಡವನ್ನು ಮನೆಯಲ್ಲಿ ಆಡುತ್ತೇವಲ್ಲ, ಶಾಲೆಯಲ್ಲಿ ಏಕೆ?" ಆಡುವುದು ಒಂದು, ಓದಿ ಬರೆಯುವುದು ಇನ್ನೊಂದು. ಮನೆಯಲ್ಲಿ ಮಾತ್ರ ಉಳಿದ ಭಾಷೆ ಒಲೆಯ ಸುತ್ತಲಿನ ಭಾಷೆಯಾಗುತ್ತದೆ. ಅದರಲ್ಲಿ ಅಡಿಗೆಯ ಮಾತು, ಬೈಗುಳದ ಮಾತು ಉಳಿದಾವು. ನ್ಯಾಯದ ಮಾತು, ಲೆಕ್ಕದ ಮಾತು, ಶಾಸ್ತ್ರದ ಮಾತು ಬೇರೊಂದು ಭಾಷೆಗೆ ಹೋದಾವು. ಅಜ್ಜ ಬರೆದಿಟ್ಟ ಕಾಗದವನ್ನು ಮೊಮ್ಮಗ ಓದಲಾರ. ವಚನಗಳನ್ನು ಕೇಳಿ ತಲೆದೂಗಬಲ್ಲ, ಪುಸ್ತಕ ತೆರೆದು ನೋಡಲಾರ. ಎರಡು ತಲೆಮಾರು ಹೀಗೆ ನಡೆದರೆ ಮೂರನೆಯ ತಲೆಮಾರು ಮನೆಯಲ್ಲಿಯೂ ಆ ಮಾತನ್ನು ಬಿಡುತ್ತದೆ.

ಮೂರನೆಯದು ಇಂಗ್ಲಿಷ್ ಶಾಲೆಯ ಮೋಹ. ಮುಂಜಾನೆ ಊರಿಗೆ ಹಳದಿ ಗಾಡಿ ಬರುತ್ತದೆ. ಕೊರಳಪಟ್ಟಿ ಕಟ್ಟಿಕೊಂಡ ಮಕ್ಕಳು ಅದನ್ನು ಏರುತ್ತಾರೆ. ಇಂಗ್ಲಿಷ್ ಬೇಡವೆಂದು ನಾನು ಹೇಳೆನು. ಆದರೆ ಇಂಗ್ಲಿಷನ್ನು ಕಲಿಸುವ ಶಾಲೆಗೂ, ಮಗುವಿಗೆ ಗೊತ್ತಿಲ್ಲದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಂಠಪಾಠ ಮಾಡಿಸುವ ಶಾಲೆಗೂ ಅಂತರವಿದೆ. ಶುಲ್ಕ ಕಟ್ಟುವ ಮುನ್ನ ಮಗುವಿನ ಪುಸ್ತಕವನ್ನು ತೆರೆದು, ಓದಿದ ಪಾಠದ ಅರ್ಥವೇನೆಂದು ನಿಮ್ಮ ಮಾತಿನಲ್ಲಿ ಕೇಳಿರಿ. ಉತ್ತರ ಬಂದರೆ ಕಟ್ಟಿರಿ.

ನಮ್ಮ ಕೈಯಲ್ಲಿರುವ ಹಕ್ಕು

ಇನ್ನು ಕಾನೂನಿನ ಮಾತು. ಹಳ್ಳಿಯವರಿಗೆ ಕಾನೂನು ಏಕೆ ಎನ್ನಬೇಡಿರಿ; ಕಾನೂನು ಗೊತ್ತಿಲ್ಲದವನ ಅರ್ಜಿ ಮೇಜಿನ ಕೆಳಗೆ ಹೋಗುತ್ತದೆ.

ನಮ್ಮ ಸಂವಿಧಾನದ ೨೯ನೆಯ ಅನುಚ್ಛೇದ ತನ್ನದೇ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಪ್ರತಿಯೊಂದು ಜನಸಮೂಹಕ್ಕೆ ಅವನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ೩೦ನೆಯ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರಿಗೆ ಸ್ವಂತ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ೧೯೫೫ರಲ್ಲಿ ವರದಿ ಕೊಟ್ಟಾಗ, ಗಡಿಗಳನ್ನು ಹೇಗೆ ಎಳೆದರೂ ಪ್ರತಿ ರಾಜ್ಯದಲ್ಲಿ ಅನ್ಯಭಾಷೆಯ ಜನ ಉಳಿದೇ ಉಳಿಯುವರೆಂಬುದನ್ನು ಕಂಡುಕೊಂಡು ಅವರಿಗೆ ರಕ್ಷಣೆ ಬೇಕೆಂದಿತು. ಅದರ ಫಲವಾಗಿ ೧೯೫೬ರ ಏಳನೆಯ ತಿದ್ದುಪಡಿಯಲ್ಲಿ ಎರಡು ಅನುಚ್ಛೇದಗಳು ಸೇರಿದವು. ೩೫೦-ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣ ಕೊಡಲು ಸಾಕಷ್ಟು ಅನುಕೂಲತೆಗಳನ್ನು ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು, ಇದಕ್ಕಾಗಿ ರಾಷ್ಟ್ರಪತಿಗಳು ನಿರ್ದೇಶ ಕೊಡಬಹುದು. ೩೫೦-ಬಿ: ಈ ರಕ್ಷಣೆಗಳು ಹೇಗೆ ನಡೆಯುತ್ತಿವೆ ಎಂಬುದನ್ನು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡಲು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯೊಬ್ಬರು ಇರತಕ್ಕದ್ದು. ಅವರನ್ನೇ ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂದು ಕರೆಯುತ್ತಾರೆ. ೧೯೫೭ರಿಂದ ಆ ಕಚೇರಿ ನಡೆದುಬಂದಿದೆ.

ಆದರೆ ಇವೆಲ್ಲಕ್ಕಿಂತ ನಮಗೆ ಹತ್ತಿರದ ಒಂದು ನಿರ್ಣಯವಿದೆ. ೧೯೪೯ರಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳು ಸಭೆ ಸೇರಿ ಹೀಗೆಂದು ಒಪ್ಪಿಕೊಂಡರು: ಮಕ್ಕಳ ತಾಯ್ನುಡಿ ಪ್ರಾಂತದ ಭಾಷೆಗಿಂತ ಬೇರೆಯಾಗಿದ್ದಲ್ಲಿ, ಅಂಥ ಮಕ್ಕಳು ಒಂದು ವರ್ಗದಲ್ಲಿ ೧೦ಕ್ಕೆ ಕಡಿಮೆಯಿಲ್ಲದೆ, ಅಥವಾ ಇಡೀ ಶಾಲೆಯಲ್ಲಿ ೪೦ಕ್ಕೆ ಕಡಿಮೆಯಿಲ್ಲದೆ ಇದ್ದರೆ, ಕನಿಷ್ಠ ಒಬ್ಬ ಶಿಕ್ಷಕನನ್ನು ನೇಮಿಸಿ ಅವರಿಗೆ ತಾಯ್ನುಡಿಯಲ್ಲಿ ಕಲಿಸತಕ್ಕದ್ದು. ತಾಯ್ನುಡಿ ಯಾವುದೆಂದು ನಿರ್ಧರಿಸುವವರು ಯಾರು? ಅದಕ್ಕೂ ಅಲ್ಲಿಯೇ ಉತ್ತರವಿದೆ. ತಂದೆತಾಯಿ ಅಥವಾ ಪಾಲಕರು ಯಾವುದನ್ನು ತಾಯ್ನುಡಿಯೆಂದು ಹೇಳುವರೋ ಅದೇ ತಾಯ್ನುಡಿ. ೧೯೬೧ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನವೂ ತಾಯ್ನುಡಿಯ ಶಿಕ್ಷಣದ ಈ ತತ್ತ್ವವನ್ನು ಎತ್ತಿಹಿಡಿಯಿತು. ಇದು ರಾಜ್ಯಗಳ ನಡುವಿನ ಒಪ್ಪಂದ, ಶಾಸನವಲ್ಲ. ತಮ್ಮ ರಾಜ್ಯದ ಈಗಿನ ಆದೇಶದಲ್ಲಿ ಸಂಖ್ಯೆ ಎಷ್ಟಿದೆಯೆಂಬುದನ್ನು ಆಯಾ ಊರಿನವರು ಶಿಕ್ಷಣಾಧಿಕಾರಿಗಳಿಂದ ಬರಹದಲ್ಲಿ ಕೇಳಿ ತಿಳಿಯಬೇಕು. ೨೦೦೯ರ ಶಿಕ್ಷಣ ಹಕ್ಕಿನ ಶಾಸನದ ೨೯ನೆಯ ಕಲಮು ಕೂಡ, ಸಾಧ್ಯವಾದ ಮಟ್ಟಿಗೆ ಮಗುವಿನ ತಾಯ್ನುಡಿಯೇ ಮಾಧ್ಯಮವಾಗಿರಬೇಕೆಂದಿದೆ.

'ಪ್ರಯತ್ನಿಸತಕ್ಕದ್ದು', 'ಸಾಧ್ಯವಾದ ಮಟ್ಟಿಗೆ' ಎಂಬ ಮಾತುಗಳನ್ನು ಗಮನಿಸಿರಿ. ಕೇಳದವನ ಮನೆಯ ಬಾಗಿಲನ್ನು ಇಂಥ ಕಾನೂನು ತಟ್ಟುವುದಿಲ್ಲ. ೨೦೧೪ರ ಮೇ ತಿಂಗಳಲ್ಲಿ, ಕರ್ನಾಟಕ ಸರಕಾರದ ಮೊಕದ್ದಮೆಯಲ್ಲಿಯೇ, ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಒಂದು ತೀರ್ಪು ಕೊಟ್ಟಿತು: ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಮಾಧ್ಯಮವನ್ನು ರಾಜ್ಯವು ಬಲವಂತವಾಗಿ ಹೇರಲಾಗದು, ಆಯ್ಕೆ ಮಗುವಿನ ಪರವಾಗಿ ಪಾಲಕರದು. ಅಂದ ಮೇಲೆ ಕನ್ನಡ ವರ್ಗದ ಬೀಗದ ಕೈ ನಿಮ್ಮ ಸೊಂಟದಲ್ಲಿಯೇ ಇದೆ.

ರಾಜ್ಯಭಾಷೆಯನ್ನು ಕಡ್ಡಾಯ ಮಾಡಿದ ಶಾಸನಗಳನ್ನು ಕಂಡು ಅನೇಕರು ಅಂಜಿದ್ದಾರೆ. ತಮಿಳುನಾಡಿನಲ್ಲಿ ೨೦೦೬ರಲ್ಲಿ, ಕೇರಳದಲ್ಲಿ ೨೦೧೭ರಲ್ಲಿ, ತೆಲಂಗಾಣದಲ್ಲಿ ೨೦೧೮ರಲ್ಲಿ, ನಮ್ಮ ಮಹಾರಾಷ್ಟ್ರದಲ್ಲಿ ೨೦೨೦ರಲ್ಲಿ ಇಂಥ ಶಾಸನಗಳು ಬಂದವು. ಕರ್ನಾಟಕವೂ ೨೦೧೫ರಲ್ಲಿ ಕನ್ನಡ ಕಲಿಕೆಯ ಶಾಸನವನ್ನು ಮಾಡಿತು. ಇವು ಭಾಷೆಯನ್ನು ಒಂದು ವಿಷಯವಾಗಿ ಕಲಿಯಬೇಕೆನ್ನುವ ಶಾಸನಗಳು. ಎಲ್ಲ ಪಾಠಗಳ ಮಾಧ್ಯಮವನ್ನು ಬದಲಿಸುವ ಶಾಸನಗಳಲ್ಲ. ಮಗುವಿಗೆ ಒಂದು ಭಾಷೆಯ ಹೊರೆ ಹೆಚ್ಚಾಯಿತೆಂಬುದು ನಿಜ. ಹೊಸೂರು, ತಾಳವಾಡಿ, ಕಾಸರಗೋಡುಗಳ ಪಾಲಕರ ಆತಂಕ ಸುಳ್ಳಲ್ಲ. ಆದರೆ "ಮರಾಠಿ ಕಡ್ಡಾಯವಾಯಿತಂತೆ, ಇನ್ನು ಕನ್ನಡ ಶಾಲೆ ಮುಗಿಯಿತು" ಎಂದು ನಾವಾಗಿಯೇ ಮಗುವನ್ನು ಬಿಡಿಸಿದರೆ, ಶಾಸನ ಮಾಡದ ಕೆಲಸವನ್ನು ನಮ್ಮ ಅಂಜಿಕೆ ಮಾಡಿದಂತಾಯಿತು.

ಕನ್ನಡ ವರ್ಗ ಸಾಯುವ ಬಗೆ

ಕನ್ನಡ ಶಾಲೆಗೆ ಯಾರೂ ಒಂದು ದಿನ ಬಂದು ಬೀಗ ಹಾಕುವುದಿಲ್ಲ. ಅದು ಕ್ಷಯರೋಗದಂತೆ ಮೆಲ್ಲಗೆ ಸಾಯುತ್ತದೆ.

ಮೊದಲು ಊರಿನ ಅನುಕೂಲಸ್ಥರ ಇಬ್ಬರು ಮಕ್ಕಳು ಹಳದಿ ಗಾಡಿ ಏರುತ್ತಾರೆ. ಹದಿಮೂರು ಇದ್ದುದು ಹನ್ನೊಂದಾಯಿತು. ಅದೇ ವರ್ಷ ಕನ್ನಡ ಶಿಕ್ಷಕರೊಬ್ಬರು ನಿವೃತ್ತರಾಗುತ್ತಾರೆ. ಜಾಗ ತೆರವಾಗಿಯೇ ಉಳಿಯುತ್ತದೆ. ಇಲ್ಲವೆ ಕನ್ನಡದ ಒಂದಕ್ಷರವನ್ನೂ ಅರಿಯದ ಶಿಕ್ಷಕರು ಬರುತ್ತಾರೆ. ಪಾಪ, ಅವರೇನು ಮಾಡಿಯಾರು? ಮಕ್ಕಳ ಮಾತು ಅವರಿಗೆ ತಿಳಿಯದು, ಅವರ ಮಾತು ಮಕ್ಕಳಿಗೆ ತಿಳಿಯದು. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ನೇಮಿಸುವ ಈ ಅನ್ಯಾಯ ಕಾಸರಗೋಡಿನಲ್ಲಿಯೂ ಕೇಳಿಬಂದಿದೆ, ನಮ್ಮ ಕಡೆಯೂ ಕೇಳಿಬಂದಿದೆ. ಆಗ ಪಾಲಕರು, "ಹೆಸರಿಗೆ ಕನ್ನಡ ಶಾಲೆ, ಕಲಿಸುವವರಿಲ್ಲ" ಎಂದು ಮತ್ತಿಬ್ಬರನ್ನು ಬಿಡಿಸುತ್ತಾರೆ. ಹನ್ನೊಂದು ಒಂಬತ್ತಾಯಿತು. ಮರುವರ್ಷ ಕಚೇರಿಯಿಂದ ಕಾಗದ ಬರುತ್ತದೆ: ವಿದ್ಯಾರ್ಥಿಗಳ ಸಂಖ್ಯೆ ಸಾಲದು, ಶಿಕ್ಷಕರ ಜಾಗವನ್ನು ಕೊಡಲಾಗದು. ಶಿಕ್ಷಕರಿಲ್ಲವೆಂದು ಮಕ್ಕಳಿಲ್ಲ, ಮಕ್ಕಳಿಲ್ಲವೆಂದು ಶಿಕ್ಷಕರಿಲ್ಲ. ಗಾಣದ ಎತ್ತಿನಂತೆ ಈ ಮಾತು ಸುತ್ತುತ್ತಿರುವಾಗಲೇ ವರ್ಗ ಮುಚ್ಚುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಸಂಕಟವಿದೆ. ಮಳೆ ಕೈಕೊಟ್ಟ ವರ್ಷ ದೀಪಾವಳಿಯ ಹೊತ್ತಿಗೆ ಕುಟುಂಬಗಳು ಕಬ್ಬು ಕಡಿಯಲು ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಬಂಡಿಯ ಹಿಂದೆ ಮಕ್ಕಳೂ ಹೊರಡುತ್ತವೆ. ಹಾಜರಿ ಪಟ್ಟಿಯಲ್ಲಿ ಹೆಸರಿದೆ, ಬೆಂಚಿನಲ್ಲಿ ಮಗುವಿಲ್ಲ. ಕನ್ನಡ ವರ್ಗದಲ್ಲಿ ಇರುವವರೇ ಹತ್ತು ಜನ. ಅವರಲ್ಲಿ ಮೂವರು ಕಬ್ಬಿನ ಗದ್ದೆಯಲ್ಲಿದ್ದರೆ ತನಿಖೆಯ ದಿನ ಏಳೇ ತಲೆಗಳು ಎಣಿಕೆಗೆ ಸಿಗುತ್ತವೆ. ಬಡವನ ಹೊಟ್ಟೆಯೂ ಅವನ ಭಾಷೆಯೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಕರುಗಳೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಆದುದರಿಂದ ನಾನು ಹೇಳುವುದು ಇಷ್ಟೆ: ಹತ್ತನೆಯ ಮಗುವೇ ಶಾಲೆ. ಒಂಬತ್ತು ಮಕ್ಕಳ ವಿದ್ಯೆ ಆ ಒಂದು ಮಗುವಿನ ಹೆಸರಿನ ಮೇಲೆ ನಿಂತಿದೆ. ನಿಮ್ಮ ಮಗುವನ್ನು ಬಿಡಿಸುವಾಗ ನೀವು ನಿಮ್ಮೊಬ್ಬರ ಮಗುವನ್ನಷ್ಟೇ ಬಿಡಿಸುವುದಿಲ್ಲ. ಬೇರೆ ಶಾಲೆಗೆ ಕಳಿಸಲು ಶಕ್ತಿಯಿಲ್ಲದ ಕೂಲಿಯವನ ಮಗಳ ಕೈಯಿಂದಲೂ ಪಾಟಿಯನ್ನು ಕಿತ್ತಿಟ್ಟಂತಾಗುತ್ತದೆ. ನಿಮ್ಮ ಮಗುವನ್ನು ಸೇರಿಸುವಾಗ ಅವಳಿಗೂ ಒಬ್ಬ ಗುರುವನ್ನು ತಂದುಕೊಡುತ್ತೀರಿ.

ಮಾಡಬೇಕಾದ ಕೆಲಸ

ಮಾತು ಸಾಕು, ಕೆಲಸವನ್ನು ಹೇಳುತ್ತೇನೆ.

ಒಂದನೆಯದು: ಪ್ರವೇಶದ ಅರ್ಜಿಯಲ್ಲಿ 'ತಾಯ್ನುಡಿ' ಎಂಬಲ್ಲಿ 'ಕನ್ನಡ' ಎಂದೇ ಬರೆಯಿಸಿರಿ, ಮಾಧ್ಯಮವೆಂಬಲ್ಲಿಯೂ ಬರೆಯಿಸಿರಿ. ಗುಮಾಸ್ತರು ತಾವಾಗಿ ತುಂಬಿಕೊಳ್ಳಲಿ ಎಂದು ಬಿಡಬೇಡಿರಿ. ಜನಗಣತಿಯವರು ಮನೆಗೆ ಬಂದಾಗಲೂ ಇದೇ ಉತ್ತರ ಕೊಡಿರಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರಹ ಕಡತದಲ್ಲಿ ಉಳಿಯುತ್ತದೆ.

ಎರಡನೆಯದು: ಶಾಲೆ ತೆರೆಯುವ ಮುನ್ನವೇ ಊರು, ವಸ್ತಿ, ತೋಟದ ಮನೆಗಳನ್ನು ತಿರುಗಿ ಆರು ತುಂಬಿದ ಮಕ್ಕಳ ಪಟ್ಟಿ ಮಾಡಿರಿ. ಒಂದು ವಸ್ತಿಯಲ್ಲಿ ನಾಲ್ಕು, ಇನ್ನೊಂದರಲ್ಲಿ ಆರು ಮಕ್ಕಳಿದ್ದರೆ ಎರಡನ್ನೂ ಕೂಡಿಸಿದರೆ ಹತ್ತು. ಭಾಷಾ ಅಲ್ಪಸಂಖ್ಯಾತ ಮಕ್ಕಳ ಹೆಸರುಗಳನ್ನು ಮುಂಗಡವಾಗಿ ದಾಖಲಿಸಿಕೊಳ್ಳುವುದು, ಹತ್ತಿರದ ಶಾಲೆಗಳ ನಡುವೆ ಮಕ್ಕಳನ್ನು ಹೊಂದಿಸಿಕೊಳ್ಳುವುದು, ಇವೆರಡೂ ರಾಜ್ಯಗಳು ಒಪ್ಪಿದ ರಕ್ಷಣೆಗಳಲ್ಲಿ ಸೇರಿವೆ. ಅದನ್ನು ಹೆಸರಿಸಿಯೇ ಕೇಳಿರಿ.

ಮೂರನೆಯದು: ಶಿಕ್ಷಕರ ಜಾಗ ತೆರವಾದರೆ ಒಂದು ತಿಂಗಳೂ ಸುಮ್ಮನಿರಬೇಡಿರಿ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಪಾಲಕರೇ ಹೆಚ್ಚಿನ ಸಂಖ್ಯೆಯಲ್ಲಿರಬೇಕೆಂಬುದು ೨೦೦೯ರ ಶಾಸನದ ನಿಯಮ. ಆ ಸಮಿತಿಯಲ್ಲಿ ಠರಾವು ಮಾಡಿ, ಗಟಶಿಕ್ಷಣಾಧಿಕಾರಿಗೂ ಜಿಲ್ಲಾ ಪರಿಷತ್ತಿಗೂ ಕಳಿಸಿ, ಒಂದು ಪ್ರತಿಯ ಮೇಲೆ ಮುಟ್ಟಿದ ಸಹಿ ಹಾಕಿಸಿಕೊಳ್ಳಿರಿ. ಅಲ್ಲಿ ಉತ್ತರ ಬಾರದಿದ್ದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಿರಿ. ಅವರ ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ನಮ್ಮ ಊರಿನ ಹೆಸರು ಅಲ್ಲಿಗೆ ಮುಟ್ಟಬೇಕಾದರೆ ಮೊದಲು ನಮ್ಮ ಕಾಗದ ಮುಟ್ಟಬೇಕು.

ನಾಲ್ಕನೆಯದು: ಕಬ್ಬಿಗೆ ಹೋಗುವ ಕುಟುಂಬಗಳ ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಳ್ಳಿರಿ. ಅಜ್ಜಿಯ ಹತ್ತಿರ, ಚಿಕ್ಕಪ್ಪನ ಮನೆಯಲ್ಲಿ, ಇಲ್ಲವೆ ನೆರೆಯವರಲ್ಲಿ. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆಂದೇ ಹಂಗಾಮಿ ವಸತಿಗೃಹದ ಯೋಜನೆ ಇದೆ. ನಮ್ಮ ಊರಿಗೂ ಬೇಕೆಂದು ಕಬ್ಬಿನ ಹಂಗಾಮು ಬರುವ ಮುನ್ನವೇ ಅರ್ಜಿ ಕೊಡಿರಿ.

ಐದನೆಯದು: ನಿಮ್ಮ ಹೆಣ್ಣುಮಕ್ಕಳಲ್ಲಿ, ಗಂಡುಮಕ್ಕಳಲ್ಲಿ ಜಾಣರಾದವರನ್ನು ಶಿಕ್ಷಕ ತರಬೇತಿಗೆ ಕಳಿಸಿರಿ. ಕನ್ನಡ ಶಿಕ್ಷಕರ ಜಾಗ ಮಂಜೂರಾದರೂ ಅರ್ಹರಾದ ಕನ್ನಡಿಗರೇ ಸಿಗದಿದ್ದರೆ ದೂರುವುದು ಯಾರನ್ನು?

ಆರನೆಯದು: ಕನ್ನಡ ಶಾಲೆಯಲ್ಲಿ ಮರಾಠಿಯನ್ನು ಚೆನ್ನಾಗಿ ಕಲಿಸುವಂತೆಯೂ ಕೇಳಿರಿ. ಹತ್ತನೆಯ ಇಯತ್ತೆ ಮುಗಿಸಿದ ನಮ್ಮ ಹುಡುಗ ತಾಲೂಕಿನ ಕಚೇರಿಯಲ್ಲಿ ತಲೆಯೆತ್ತಿ ಮರಾಠಿಯಲ್ಲಿ ಮಾತನಾಡಿದರೆ, ಕನ್ನಡ ಶಾಲೆಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಬೇಕಿಲ್ಲ.

ಏಳನೆಯದು ತಾಯಂದಿರಿಗೆ: ದಿನಕ್ಕೆ ಅರ್ಧ ಗಂಟೆ ಮಗುವಿನಿಂದ ಪಾಠವನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಅರ್ಥವಾಗುವ ಭಾಷೆಯಲ್ಲಿ ಮಗು ಓದುತ್ತಿದ್ದರೆ ತಪ್ಪಿದಾಗ ನಿಮಗೆ ತಾನಾಗಿ ಗೊತ್ತಾಗುತ್ತದೆ. ಬೇರೆ ಮಾಧ್ಯಮದಲ್ಲಿ ಈ ಪರೀಕ್ಷೆಯ ಅಧಿಕಾರ ನಿಮ್ಮ ಕೈತಪ್ಪಿ ಹೋಗುತ್ತದೆ. ಪುಸ್ತಕದ ಅಭಾವವಿಲ್ಲ, ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಓದುವ ಮಗು ಬೇಕು, ಕೇಳುವ ಕಿವಿ ಬೇಕು.

ನ್ಯಾಯ ಎಲ್ಲರಿಗೂ ಒಂದೇ

ಮುಗಿಸುವ ಮುನ್ನ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮಗಾಗಿ ಕೇಳುವ ನ್ಯಾಯವನ್ನು ಇತರರಿಗೂ ಕೊಡಲು ನಾವು ಸಿದ್ಧರಿರಬೇಕು. ಜತ್ತದ ಕನ್ನಡ ಮಗುವಿಗೆ ಕನ್ನಡ ಶಾಲೆ ಬೇಕಾದರೆ ಬೆಳಗಾವಿಯ ಮರಾಠಿ ಮಗುವಿಗೆ ಮರಾಠಿ ಶಾಲೆ ಬೇಕು. ಅಲ್ಲಿ ಅದನ್ನು ಕೀಳಾಗಿ ಕಾಣುವವನು ಇಲ್ಲಿ ನಮ್ಮ ಮಕ್ಕಳಿಗೆ ಕೇಡು ಬಗೆಯುತ್ತಾನೆ. ಇಷ್ಟೇ ಅಲ್ಲ. ನಮ್ಮ ಕನ್ನಡ ಶಾಲೆಯಲ್ಲಿಯೇ ತಾಂಡಾದಿಂದ ಬಂದ ಲಂಬಾಣಿ ಮಗುವೊಂದು ಮೂಲೆಯಲ್ಲಿ ಕುಳಿತಿರುತ್ತದೆ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಮನೆಯಲ್ಲಿ ತುಳು ಆಡುವ ಮಗು ಇರುತ್ತದೆ. ನಮ್ಮ ಕನ್ನಡ ಆ ಮಗುವಿಗೆ ಹೊಸ ಭಾಷೆ. ಮರಾಠಿ ವರ್ಗದಲ್ಲಿ ನಮ್ಮ ಮಗು ಪಡುವ ಕಷ್ಟವನ್ನೇ ಕನ್ನಡ ವರ್ಗದಲ್ಲಿ ಅದು ಪಡುತ್ತಿರಬಹುದು. ವೃತ್ತಿಬಾಂಧವರೇ, ಅದರ ಮನೆಮಾತಿನ ನಾಲ್ಕು ಶಬ್ದಗಳನ್ನು ನಾವು ಮೊದಲು ಕಲಿಯೋಣ, ಆಮೇಲೆ ನಮ್ಮ ಮಾತನ್ನು ಅದಕ್ಕೆ ಕಲಿಸೋಣ. ಮಾತೃಭಾಷೆಯ ಪಕ್ಷವೆಂದರೆ ಕನ್ನಡದ ಪಕ್ಷ ಮಾತ್ರವಲ್ಲ, ಮಗುವಿನ ಪಕ್ಷ. ಈ ನೆಲೆಯಲ್ಲಿ ನಿಂತರೆ ನಮ್ಮ ಬೇಡಿಕೆಯನ್ನು ದ್ವೇಷವೆಂದು ಯಾರೂ ಕರೆಯಲಾರರು. ನೆರೆಯ ಮರಾಠಿ ಬಂಧುಗಳೂ ನಮ್ಮ ಅರ್ಜಿಗೆ ಸಹಿ ಹಾಕಿಯಾರು.

ಬಂಧುಗಳೇ, ಸಮಿತಿ ತನ್ನ ಕಾರ್ಯವನ್ನು ಮಾಡಲಿ, ನ್ಯಾಯಾಲಯ ತನ್ನ ಕಾರ್ಯವನ್ನು ಮಾಡಲಿ. ನಮ್ಮ ಪಾಲಿನ ಕಾರ್ಯ ನಾಳೆ ಬೆಳಗಾದೊಡನೆ ಮೊದಲಾಗುತ್ತದೆ. ನೀವು ಒಬ್ಬೊಬ್ಬರೂ ನೆರೆಮನೆಯ ಬಾಗಿಲಿಗೆ ಹೋಗಿ, "ನಿಮ್ಮ ಮಗು ಈ ವರ್ಷ ಶಾಲೆಗೆ ಸೇರಬೇಕಲ್ಲವೆ?" ಎಂದು ಕೇಳಿರಿ. ಪಟ್ಟಿಯನ್ನು ನನ್ನ ಕೈಗೆ ತಂದುಕೊಡಿರಿ. ಅದರಲ್ಲಿ ಹತ್ತು ಹೆಸರುಗಳಿದ್ದರೆ ಮುಂದಿನ ಹೊಣೆಯನ್ನು ನಾವು ಶಿಕ್ಷಕರು ಹೊರುತ್ತೇವೆ. ಒಂಬತ್ತೇ ಇದ್ದರೆ, ಹತ್ತನೆಯದನ್ನು ಹುಡುಕಲು ನಾನೂ ನಿಮ್ಮೊಡನೆ ವಸ್ತಿಗೆ ನಡೆದು ಬರುತ್ತೇನೆ.